ಹದಿನಾರರ ಹುಡುಗ, ಖಿನ್ನತೆ, ಎರಡು ಮನೆತನ: ಕಾದಂಬರಿ ಬರೆಯಲು ಹೊರಟವರಿಗೆ

"ನನ್ನ ಕಥಾನಾಯಕನಿಗೆ ಹದಿನಾರು ವರ್ಷ. ತಂದೆ ಒಂದು ದೇಶದವರು, ತಾಯಿ ಇನ್ನೊಂದು ದೇಶದವರು. ಹುಡುಗನಿಗೆ ಖಿನ್ನತೆ ಇದೆ. ಇದನ್ನು ಹೇಗೆ ಬರೆಯಲಿ?" ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎಷ್ಟು ಸಲ ಬಂದಿದೆಯೆಂದರೆ, ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರಿಸುವ ಬದಲು ಒಂದೇ ಕಡೆ ಬರೆದಿಡುವುದು ಮೇಲು ಎನ್ನಿಸಿತು. ಕೇಳಿದವರು ಕಳಿಸಿದ ಕರಡುಗಳಲ್ಲಿ ಬಹುಪಾಲು ಚೆನ್ನಾಗಿಯೇ ಆರಂಭವಾಗುತ್ತವೆ. ಮೂರನೆಯ ಅಧ್ಯಾಯದ ಹೊತ್ತಿಗೆ ಒಂದು ವಾಕ್ಯ ಬಂದೇ ಬರುತ್ತದೆ: "ಅತ್ತಲೂ ಸಲ್ಲದ, ಇತ್ತಲೂ ಸಲ್ಲದ ಅವನನ್ನು ಖಿನ್ನತೆ ಆವರಿಸಿತು." ಅಲ್ಲಿಂದಾಚೆಗೆ ಕಾದಂಬರಿ ಬಡವಾಗುತ್ತ ಹೋಗುತ್ತದೆ. ಬರೆಯುವವರು ಎರಡು ಬೇರೆ ಸಂಗತಿಗಳನ್ನು ಗಂಟು ಹಾಕಿ, ಒಂದನ್ನು ಇನ್ನೊಂದರ ಕಾರಣವಾಗಿಸಿಬಿಟ್ಟಿರುತ್ತಾರೆ. ಈ ಲೇಖನದ ಹೆಚ್ಚಿನ ಭಾಗ ಆ ಗಂಟನ್ನು ಬಿಚ್ಚುವುದರ ಬಗ್ಗೆಯೇ ಇದೆ.

ಮೊದಲು ಒಂದು ಪದ. ಯಂಗ್ ಅಡಲ್ಟ್ ಎಂದು ಪ್ರಕಾಶಕರು ಕರೆಯುವುದು ಹೆಚ್ಚುಕಡಿಮೆ ಹನ್ನೆರಡರಿಂದ ಹದಿನೆಂಟು ವರ್ಷದ ಓದುಗರಿಗಾಗಿ ಬರೆದ ಕಥನವನ್ನು. ನಾಯಕನ ವಯಸ್ಸು ಸಾಮಾನ್ಯವಾಗಿ ಓದುಗನ ವಯಸ್ಸಿಗಿಂತ ಒಂದೆರಡು ವರ್ಷ ಹೆಚ್ಚು. ಆದರೆ ವಯಸ್ಸಿಗಿಂತ ಮುಖ್ಯವಾದದ್ದು ಕಥೆಯನ್ನು ನೋಡುವ ದೂರ. ನಲವತ್ತು ವರ್ಷದವನೊಬ್ಬ ತನ್ನ ಹದಿನಾರನೆಯ ವರ್ಷವನ್ನು ನೆನೆದು ನಿಟ್ಟುಸಿರು ಬಿಟ್ಟರೆ ಅದು ದೊಡ್ಡವರ ಕಾದಂಬರಿ. ಹದಿನಾರರ ಹುಡುಗನಿಗೆ ನಾಳೆ ಏನಾಗುತ್ತದೆಂದು ಗೊತ್ತಿಲ್ಲದೆ, ಇಂದಿನ ಸಂಜೆ ಕಳೆಯುವುದೇ ದೊಡ್ಡ ಕೆಲಸವಾಗಿದ್ದರೆ ಅದು ಹದಿಹರೆಯದವರ ಕಾದಂಬರಿ. "ಆಗ ನನಗೆ ತಿಳಿದಿರಲಿಲ್ಲ" ಎಂಬ ಮಾತು ನಿಮ್ಮ ಕರಡಿನಲ್ಲಿ ಎಷ್ಟು ಕಡೆ ಇದೆ, ಹುಡುಕಿ ನೋಡಿ. ಇದ್ದ ಕಡೆಯಲ್ಲೆಲ್ಲ ಅಳಿಸಿ.

ವಿವರಣೆಗೆಂದು ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳೋಣ. ಘಾನಾ ದೇಶದ ಕುಮಾಸಿಯಿಂದ ಬಂದ ತಂದೆ, ನಾರ್ವೆಯ ತಾಯಿ. ಊರು ನಾರ್ವೆಯ ಉತ್ತರ ಭಾಗದ ಟ್ರೊಮ್ಸೊ. ಶಾಲೆಯ ಹಾಜರಿಯಲ್ಲಿ ಅವನು ಹೆನ್ರಿಕ್, ಫೋನಿನಲ್ಲಿ ಅಜ್ಜಿಗೆ ಕೋಫಿ. ನಿಮ್ಮ ಹುಡುಗ ಬೇರೆ ಯಾವ ಎರಡು ನೆಲದವನಾದರೂ ಆಗಿರಲಿ, ಹಂತಗಳು ಇವೇ.

ಹಂತ 1: ಎರಡು ಎಳೆಗಳನ್ನು ಬಿಡಿಸಿ ಬರೆಯಿರಿ

ಕಥೆ ಆರಂಭಿಸುವ ಮೊದಲು ಎರಡು ಪುಟ ಬರೆಯಿರಿ. ಇವು ಕಾದಂಬರಿಯೊಳಗೆ ಬರುವ ಪುಟಗಳಲ್ಲ, ನಿಮಗಾಗಿ ಮಾತ್ರ.

ಮೊದಲನೆಯ ಪುಟದಲ್ಲಿ, ಹೆನ್ರಿಕ್‌ನ ತಂದೆ ತಾಯಿ ಇಬ್ಬರೂ ಒಂದೇ ಬೀದಿಯವರು ಎಂದುಕೊಳ್ಳಿ. ಹೆಸರು ಒಂದೇ, ಭಾಷೆ ಒಂದೇ, ಯಾರೂ ಅವನ ಮುಖ ನೋಡಿ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಆದರೂ ಅವನಿಗೆ ಖಿನ್ನತೆ ಇದೆ. ಅದು ಅವನ ದಿನದಲ್ಲಿ ಎಲ್ಲೆಲ್ಲಿ ಕಾಣುತ್ತದೆ? ಎರಡನೆಯ ಪುಟದಲ್ಲಿ ಖಿನ್ನತೆಯನ್ನು ತೆಗೆದುಹಾಕಿ, ಎರಡು ಮನೆತನಗಳನ್ನು ಉಳಿಸಿ. ಈಗ ಅವನು ಹೇಗಿದ್ದಾನೆ? ಈ ಪುಟದಲ್ಲಿ ಬರೀ ಗೋಳೇ ತುಂಬಿದರೆ ಹರಿದು ಮತ್ತೆ ಬರೆಯಿರಿ. ಎರಡು ಭಾಷೆಯಲ್ಲಿ ಜೋಕು ಹೇಳಬಲ್ಲವನ ಮೋಜು ಅಲ್ಲಿರಬೇಕು. ತಾಯಿಗೆ ಅರ್ಥವಾಗದಂತೆ ತಂದೆಯ ಜೊತೆ ಪಿಸುಗುಟ್ಟುವ ಪೋಲಿತನವಿರಬೇಕು. ಸೋದರಸಂಬಂಧಿಗಳ ಗುಂಪು ಕರೆಯಲ್ಲಿ ನಿದ್ದೆಗೆಟ್ಟ ರಾತ್ರಿಯೂ ಇರಬೇಕು.

ಈ ಎರಡು ಪುಟ ಬರೆದ ಮೇಲೆ ಎಳೆಗಳು ನಿಜವಾಗಿ ಎಲ್ಲಿ ಮುಟ್ಟುತ್ತವೆ ಎಂಬುದು ತಾನಾಗಿ ಕಾಣತೊಡಗುತ್ತದೆ. ಅಜ್ಜಿಗೆ ತನ್ನ ಕಾಯಿಲೆಯನ್ನು ವಿವರಿಸಲು ಅವನಿಗೆ ಆ ಭಾಷೆಯಲ್ಲಿ ಪದ ತಿಳಿದಿಲ್ಲ. ಶಾಲೆಯ ಆಪ್ತಸಮಾಲೋಚಕರು ಮೊದಲ ಭೇಟಿಯಲ್ಲೇ "ಎರಡು ಸಂಸ್ಕೃತಿಯ ನಡುವೆ ಸಿಕ್ಕಿಕೊಂಡಿದ್ದೀಯ ಅನ್ನಿಸುತ್ತದೆಯಾ?" ಎಂದು ಕೇಳಿಬಿಡುತ್ತಾರೆ. ಅವನೋ ನಿದ್ರೆ ಬರದಿರುವುದರ ಬಗ್ಗೆ ಮಾತನಾಡಲು ಬಂದಿದ್ದ. ಇಂಥ ದೃಶ್ಯಕ್ಕೆ ಹತ್ತು ಪುಟದ ಸ್ವಗತ ಸಾಟಿಯಲ್ಲ.

ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಜನಾಂಗೀಯ ನಿಂದನೆ, ಒಂಟಿತನ, ಬೆದರಿಸುವ ಸಹಪಾಠಿಗಳು ಖಿನ್ನತೆಯನ್ನು ಕೆದಕಬಲ್ಲವು, ಬಿಗಡಾಯಿಸಬಲ್ಲವು. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಖಿನ್ನತೆ ಹುಟ್ಟುವುದು ವಂಶವಾಹಿ, ದೇಹ, ಮನೆ, ಬದುಕಿನ ಘಟನೆಗಳು ಇವೆಲ್ಲ ಕೂಡಿ. ಮಿಶ್ರ ಮನೆತನವೇ ರೋಗ ಎಂದು ಕಾದಂಬರಿ ಹೇಳಿದರೆ, ಅದನ್ನು ಓದುವ ಮಿಶ್ರ ಮನೆತನದ ಹುಡುಗ ಏನು ತಿಳಿಯಬೇಕು? ತಂದೆ ತಾಯಿ ಮದುವೆಯಾದದ್ದೇ ತಪ್ಪು ಎಂದೇ?

ಹಂತ 2: ಕಾಯಿಲೆಯನ್ನು ಕಾಯಿಲೆಯಾಗಿ ತಿಳಿದುಕೊಳ್ಳಿ

ಹದಿಹರೆಯದವರ ಅನಾರೋಗ್ಯಕ್ಕೂ ಅಸಾಮರ್ಥ್ಯಕ್ಕೂ ಖಿನ್ನತೆ ಮುಖ್ಯ ಕಾರಣಗಳಲ್ಲೊಂದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೀಗಿದ್ದರೂ ಕರಡುಗಳಲ್ಲಿ ಅದು ಬರುವುದು "ತುಂಬ ಬೇಸರ" ಎಂಬ ರೂಪದಲ್ಲಿಯೇ. ಬೇಸರಕ್ಕೂ ಖಿನ್ನತೆಗೂ ಇರುವ ಅಂತರವನ್ನು ಮೊದಲು ಕೈಪಿಡಿಯಿಂದಲೇ ತಿಳಿಯಿರಿ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಎಂಬ ರೋಗನಿರ್ಣಯ ಕೈಪಿಡಿ ಒಂಬತ್ತು ಲಕ್ಷಣಗಳನ್ನು ಹೇಳುತ್ತದೆ: ಕುಗ್ಗಿದ ಮನಸ್ಸು, ಆಸಕ್ತಿ ಬತ್ತುವುದು, ಹಸಿವು ಅಥವಾ ತೂಕದ ಏರುಪೇರು, ನಿದ್ರೆ ಕೆಡುವುದು ಅಥವಾ ಅತಿಯಾಗುವುದು, ಚಡಪಡಿಕೆ ಇಲ್ಲವೇ ಮೈ ನಿಧಾನವಾಗುವುದು, ದಣಿವು, ತಾನು ಪ್ರಯೋಜನಕ್ಕಿಲ್ಲದವನು ಎಂಬ ಭಾವ, ಏಕಾಗ್ರತೆ ತಪ್ಪುವುದು, ಸಾವಿನ ಯೋಚನೆ. ಕನಿಷ್ಠ ಐದು ಲಕ್ಷಣಗಳು ಕನಿಷ್ಠ ಎರಡು ವಾರ ಇರಬೇಕು. ಮೊದಲ ಎರಡರಲ್ಲಿ ಒಂದಾದರೂ ಅವುಗಳಲ್ಲಿರಬೇಕು.

ನಿಮ್ಮ ಕೆಲಸಕ್ಕೆ ಚಿನ್ನದಂಥ ಮಾತು ಅದೇ ಪುಟದಲ್ಲಿದೆ: ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಕುಗ್ಗಿದ ಮನಸ್ಸಿನ ಬದಲು ಸಿಡುಕು ಕಾಣಿಸಿಕೊಳ್ಳಬಹುದು. ಎಂದರೆ ನಿಮ್ಮ ಹುಡುಗ ಅಳದೇ ಇರಬಹುದು. ತಂಗಿಯ ಮೇಲೆ ರೇಗುತ್ತಾನೆ, ಬಾಗಿಲನ್ನು ಅಪ್ಪಳಿಸುತ್ತಾನೆ, ಆಮೇಲೆ ಅದೇ ಬಾಗಿಲ ಹಿಂದೆ ಒಂದು ಗಂಟೆ ನೆಲದ ಮೇಲೆ ಕೂರುತ್ತಾನೆ. ಮನೆಯವರು ಅದನ್ನು "ವಯಸ್ಸಿನ ಕೊಬ್ಬು" ಎಂದುಕೊಳ್ಳುತ್ತಾರೆ. ಕಾಯಿಲೆ ಎಲ್ಲರ ಕಣ್ಣೆದುರೇ ಇದ್ದೂ ಯಾರಿಗೂ ಕಾಣದೆ ಹೋಗುವುದು ಹೀಗೆ, ಮತ್ತು ಕಾದಂಬರಿಯ ಮೊದಲ ಮೂರನೆಯ ಒಂದು ಭಾಗವನ್ನು ಅದೊಂದೇ ಹೊತ್ತು ಸಾಗಬಲ್ಲದು.

ಲಕ್ಷಣಗಳ ಪಟ್ಟಿಯನ್ನು ಹಾಗೆಯೇ ಪಾತ್ರಕ್ಕೆ ತೊಡಿಸಬೇಡಿ. ಒಂದೊಂದನ್ನೂ ಒಂದು ವಸ್ತುವಿಗೋ ಒಂದು ಹೊತ್ತಿಗೋ ಕಟ್ಟಿ. ಆಸಕ್ತಿ ಬತ್ತುವುದಕ್ಕೆ ವೈದ್ಯರು ಅನ್‌ಹೆಡೋನಿಯಾ ಎನ್ನುತ್ತಾರೆ, ಸುಖ ಕೊಡುತ್ತಿದ್ದದ್ದು ಸುಖ ಕೊಡದಿರುವ ಸ್ಥಿತಿ. ಹೆನ್ರಿಕ್ ತನ್ನ ಮೆಚ್ಚಿನ ವಿಡಿಯೊ ಗೇಮ್ ತೆರೆಯುತ್ತಾನೆ, ಮೊದಲ ಪರದೆಯ ಸಂಗೀತ ಮೂರು ಸುತ್ತು ಮುಗಿಯುವವರೆಗೂ ನೋಡುತ್ತ ಕೂರುತ್ತಾನೆ, ಆಡದೆಯೇ ಮುಚ್ಚುತ್ತಾನೆ. ಅಷ್ಟು ಸಾಕು. ಮೈ ನಿಧಾನವಾಗುವುದಕ್ಕೆ, ಗೆಳೆಯರ ಜೋಕಿಗೆ ಅವನು ಅರೆಕ್ಷಣ ತಡವಾಗಿ ನಗುತ್ತಾನೆ. ಏಕಾಗ್ರತೆಗೆ, ಓದದೆ ಉಳಿದ ನೂರ ನಲವತ್ತು ಸಂದೇಶಗಳು. "ಇಡೀ ಜಗತ್ತು ಅವನಿಗೆ ಬಣ್ಣಗೆಟ್ಟಂತೆ ಕಂಡಿತು" ಎಂದು ಬರೆಯುವ ಆಸೆಯಾದರೆ ಲೇಖನಿ ಕೆಳಗಿಟ್ಟು ಒಂದು ಲೋಟ ನೀರು ಕುಡಿಯಿರಿ. ಬಾವಿ, ಕತ್ತಲು, ಮಂಜು, ಭಾರದ ಕಲ್ಲು ಎಲ್ಲವೂ ಬಳಸಿ ಬಳಸಿ ಸವೆದಿವೆ. ಇಡೀ ಪುಸ್ತಕಕ್ಕೆ ಒಂದು ರೂಪಕ ಇಟ್ಟುಕೊಳ್ಳಿ, ಅದೂ ಆ ಹುಡುಗನಿಗೇ ಹೊಳೆಯಬಹುದಾದ್ದಾಗಿರಲಿ.

ಟ್ರೊಮ್ಸೊ ಆರಿಸಿಕೊಂಡದ್ದರಿಂದ ನಮಗೆ ಇನ್ನೊಂದು ಗುಂಡಿ ಎದುರಾಗುತ್ತದೆ. ಅಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಖಿನ್ನ ಹುಡುಗ, ಸೂರ್ಯನಿಲ್ಲದ ಊರು, ಸೂರ್ಯನ ದೇಶದ ತಂದೆ: ಎಷ್ಟು ಸುಲಭವಾಗಿ ಒಂದಕ್ಕೊಂದು ಕೂಡಿಬಿಟ್ಟವು ನೋಡಿ. ಇಷ್ಟು ಸುಲಭವಾಗಿ ಕೂಡಿದ್ದನ್ನು ಅನುಮಾನದಿಂದಲೇ ನೋಡಬೇಕು. ಋತುವಿಗೆ ತಕ್ಕಂತೆ ಬರುವ ಖಿನ್ನತೆ ಎಂಬುದೊಂದು ಇದೆ, ನಿಜ. ಅದನ್ನೇ ಬರೆಯುವುದಾದರೆ ಓದಿಕೊಂಡು ಬರೆಯಿರಿ. ಇಲ್ಲವಾದರೆ ಅವನ ಅತಿ ಕೆಟ್ಟ ವಾರಗಳನ್ನು ಜೂನ್ ತಿಂಗಳಲ್ಲಿಡಿ. ಆಗ ಅಲ್ಲಿ ನಡುರಾತ್ರಿಯಲ್ಲೂ ಸೂರ್ಯ ಮುಳುಗುವುದಿಲ್ಲ, ಊರೆಲ್ಲ ಹೊರಗೆ ನಲಿಯುತ್ತಿರುತ್ತದೆ, ಅವನ ಕೋಣೆಯ ಪರದೆ ಮಾತ್ರ ಮುಚ್ಚಿರುತ್ತದೆ. ಹವಾಮಾನವನ್ನು ದೂರಲು ಅವಕಾಶವೇ ಇಲ್ಲದಾಗ ಕಾಯಿಲೆ ತನ್ನ ನಿಜರೂಪದಲ್ಲಿ ನಿಲ್ಲುತ್ತದೆ.

ಹಂತ 3: ಹುಡುಗರ ಮಾತನ್ನು ಕೇಳಿಸಿಕೊಳ್ಳಿ

ಹುಡುಗರು ಮುಖಾಮುಖಿ ಕುಳಿತು ಮನಸ್ಸು ತೋಡಿಕೊಳ್ಳುವ ದೃಶ್ಯ ಬರೆದಿದ್ದರೆ, ಅವರನ್ನು ಎಬ್ಬಿಸಿ ಅಕ್ಕಪಕ್ಕ ಕೂರಿಸಿ. ಕೈಗೊಂದು ಕೆಲಸ ಕೊಡಿ. ಸೈಕಲ್ಲಿನ ಚೈನು ಸರಿಮಾಡುತ್ತ, ಪಾತ್ರೆ ಒರೆಸುತ್ತ, ಕಾರಿನಲ್ಲಿ ಎದುರಿನ ರಸ್ತೆ ನೋಡುತ್ತ ಹೊರಡುವ ಮಾತುಗಳೇ ಬೇರೆ.

"ಮೊನ್ನೆ ಆಟಕ್ಕೆ ಯಾಕೆ ಬರಲಿಲ್ಲ?"
"ನಿದ್ದೆ ಬಂದಿತ್ತು."
"ಸಂಜೆ ಐದಕ್ಕೆ?"
"ಹೂಂ."
"ನಮ್ಮಣ್ಣನೂ ಹಾಗೇ ಮಲಗುತ್ತಿದ್ದ, ಒಂದು ವರ್ಷ." ಅವನು ಚೈನನ್ನು ಹಲ್ಲಿಗೆ ಕೂರಿಸಿದ. "ಆ ಸ್ಪ್ಯಾನರ್ ಕೊಡು."

ಇಲ್ಲಿ ಖಿನ್ನತೆ ಎಂಬ ಪದವೇ ಬಂದಿಲ್ಲ. ಗೆಳೆಯ ತನಗೆ ಗೊತ್ತಿದೆ ಎಂದು ತಿಳಿಸಿದ, ಮುಂದುವರಿಸಲು ಬಲವಂತ ಮಾಡಲಿಲ್ಲ. ಇಂಥ ಎರಡು ಮೂರು ಮಾತುಕತೆಗಳಾದ ಮೇಲೆ ಒಂದು ಸಲ, ಒಂದೇ ಸಲ, ಹೆನ್ರಿಕ್ ಪೂರ್ತಿ ಬಾಯಿಬಿಟ್ಟರೆ ಓದುಗನ ಎದೆ ಹಿಡಿದುಕೊಳ್ಳುತ್ತದೆ.

ತಂದೆಯ ಪಾತ್ರದಲ್ಲಿ ಬಹಳ ಮಂದಿ ಜಾರಿ ಬೀಳುತ್ತಾರೆ. "ಗಂಡುಮಗ ಅಳಬಾರದು" ಎನ್ನುವ ಒರಟು ತಂದೆ, ಅವನಿಗೆ ಎದುರಾಗಿ ಎಲ್ಲವನ್ನೂ ಅರಿಯುವ ತಾಯಿ. ಇದರ ಮೇಲೆ ತಂದೆ ಒಂದು ಖಂಡದವನು, ತಾಯಿ ಇನ್ನೊಂದು ಖಂಡದವಳು ಎಂದಾಗ ಕಾದಂಬರಿ ತನಗರಿವಿಲ್ಲದೆಯೇ ಒಂದು ಸಂಸ್ಕೃತಿಗೆ ಮದ್ದು, ಇನ್ನೊಂದಕ್ಕೆ ಮೌಢ್ಯ ಎಂದು ಹಂಚಿಬಿಡುತ್ತದೆ. ಗಂಡಸುತನದ ಹೆಸರಿನಲ್ಲಿ ಬಾಯಿ ಮುಚ್ಚಿಸುವ ರೂಢಿ ಎರಡೂ ಕಡೆ ಇದೆ, ರೀತಿ ಬೇರೆ ಅಷ್ಟೆ. ನಾರ್ವೆಯ ತಾತ ಚಳಿಯಲ್ಲಿ ಮೀನು ಹಿಡಿಯಲು ಕರೆದೊಯ್ದು ನಾಲ್ಕು ಗಂಟೆ ಒಂದು ಮಾತೂ ಆಡದಿರಬಹುದು. ಕುಮಾಸಿಯ ಚಿಕ್ಕಪ್ಪ ದೊಡ್ಡ ದನಿಯಲ್ಲಿ ನಗಿಸಿ ನಗಿಸಿ ಮಾತು ಮರೆಸಬಹುದು. ಫಲ ಒಂದೇ. ಖಿನ್ನತೆ ವಂಶದಲ್ಲಿ ಹರಿದುಬರುವುದೂ ಉಂಟಾದ್ದರಿಂದ, ತಂದೆಯೂ ತನ್ನ ಹದಿನಾರರಲ್ಲಿ ಇದನ್ನೇ ಅನುಭವಿಸಿ ಹೆಸರಿಲ್ಲದೆ ನುಂಗಿಕೊಂಡವನಾಗಿರಬಹುದು. ಮಗನ ಮಾತ್ರೆಯ ಡಬ್ಬಿ ಕಂಡಾಗ ಅವನಿಗೆ ಸಿಟ್ಟು ಬರುವುದು ಆಗ ಬೇರೆಯದೇ ಅರ್ಥ ಪಡೆಯುತ್ತದೆ.

ಹಂತ 4: ಮಿಶ್ರತನವನ್ನು ದಿನಚರಿಯಲ್ಲಿ ಹುಡುಕಿ

ವಲಸೆ ಬಂದ ಕುಟುಂಬದ ಹುಡುಗನಿಗೆ ಮನೆಯೊಳಗೆ ಒಂದು ಲೋಕ, ಹೊಸ್ತಿಲಾಚೆ ಇನ್ನೊಂದು. ಮಿಶ್ರ ಮನೆತನದವನಿಗೆ ಮನೆಯೊಳಗೇ ಎರಡು. ಇವೆರಡನ್ನೂ ಒಂದೇ ಎಂಬಂತೆ ಬರೆಯುವುದು ನಾನು ಕಾಣುವ ಅತಿ ಸಾಮಾನ್ಯ ತಪ್ಪು. ಎರಡನೆಯವನಿಗೆ ತನ್ನ ಹಾಗೆಯೇ ಇರುವ ಹಿರಿಯರು ಮನೆಯಲ್ಲೇ ಇರುವುದಿಲ್ಲ. ತಂದೆಯೂ ತನ್ನಂತಲ್ಲ, ತಾಯಿಯೂ ತನ್ನಂತಲ್ಲ. ಅವನಂತೆ ಇರುವುದು ತಂಗಿ ಒಬ್ಬಳೇ. ಆದ್ದರಿಂದಲೇ ತಂಗಿಯ ಪಾತ್ರವನ್ನು ಬೆಳೆಸಿ, ಅವಳು ಅದೇ ಮನೆಯಲ್ಲಿ ಬೆಳೆದು ಬೇರೆಯೇ ಉತ್ತರ ಕಂಡುಕೊಂಡಿರಲಿ.

ಆಮೇಲೆ ಎರಡೂ ಸಂಸ್ಕೃತಿಯ ಹೊರಮೈ ಬಿಟ್ಟು ಒಳಗಿನ ಲೆಕ್ಕಾಚಾರಕ್ಕೆ ಇಳಿಯಿರಿ. ಕೋಫಿಯನ್ನೇ ನೋಡಿ. ಅವನ ತಂದೆಯ ಕಡೆಯವರಾದ ಘಾನಾದ ಅಕನ್ ಜನರಲ್ಲಿ ಹುಟ್ಟಿದ ವಾರದ ಹೆಸರಿಡುವುದುಂಟು. ಕೋಫಿ ಎಂದರೆ ಶುಕ್ರವಾರ ಹುಟ್ಟಿದ ಗಂಡು. ಕಾದಂಬರಿಯಲ್ಲಿ ನೀವು ಕೊಟ್ಟ ಜನ್ಮದಿನಾಂಕ ಮಂಗಳವಾರಕ್ಕೆ ಬಿದ್ದರೆ ಅವನು ಕೋಫಿ ಅಲ್ಲ, ಕ್ವಾಬೆನಾ. ಇದನ್ನು ಪರಿಶೀಲಿಸಲು ಎರಡು ನಿಮಿಷ ಬೇಕು. ಪರಿಶೀಲಿಸದಿದ್ದರೆ ಆ ಸಂಸ್ಕೃತಿಯ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ.

ಇನ್ನೂ ಒಳಗೆ ಹೋಗಿ. ಅಕನ್ನರದು ಮಾತೃವಂಶ. ಮಗು ಯಾವ ಕುಲಕ್ಕೆ ಸೇರಿದ್ದು ಎಂಬುದು ತಾಯಿಯಿಂದ ನಿರ್ಧಾರವಾಗುತ್ತದೆ, ಆ ಕುಲಕ್ಕೆ ಅಬುಸುವಾ ಎನ್ನುತ್ತಾರೆ. ಕೋಫಿಯ ತಾಯಿ ನಾರ್ವೆಯವಳು. ಎಂದರೆ ಅಜ್ಜಿ ಎಷ್ಟೇ ಮುದ್ದು ಮಾಡಿದರೂ, ಹಳೆಯ ಲೆಕ್ಕದಲ್ಲಿ ಅವನು ಅವಳ ಕುಲದವನಲ್ಲ. ತಂದೆಯ ತಂಗಿಯ ಮಕ್ಕಳು ಆ ಕುಲದವರು, ಅವನಲ್ಲ. ನಾರ್ವೆಯಲ್ಲಿ "ನೀನು ನಿಜವಾಗಿ ಎಲ್ಲಿಯವನು?" ಎಂದು ಕೇಳಿಸಿಕೊಂಡವನು ಕುಮಾಸಿಯ ಬೀದಿಯಲ್ಲಿ "ಒಬ್ರೊನಿ" ಎಂದು ಕರೆಸಿಕೊಳ್ಳುತ್ತಾನೆ. ಬಿಳಿಯ, ಪರದೇಶಿ ಎಂಬರ್ಥದ ಆ ಪದ ಬೈಗುಳವೇನಲ್ಲ, ಮಕ್ಕಳು ನಗುತ್ತಲೇ ಕೂಗುತ್ತಾರೆ. ಆದರೂ ತಟ್ಟುತ್ತದೆ. ಬಟ್ಟೆ, ಅಡುಗೆ, ಹಬ್ಬಗಳ ವರ್ಣನೆಯಿಂದ ಇಂಥ ಸಂಗತಿ ಸಿಗುವುದಿಲ್ಲ. ಯಾರು ಯಾರಿಗೆ ಸೇರಿದವರು, ಆಸ್ತಿ ಯಾರಿಗೆ, ಸತ್ತಾಗ ಮುಂದೆ ನಿಲ್ಲುವವರು ಯಾರು, ಹೆಸರಿಡುವವರು ಯಾರು ಎಂಬ ಪ್ರಶ್ನೆಗಳನ್ನು ಎರಡೂ ಕಡೆಗೆ ಕೇಳಿದಾಗ ಸಿಗುತ್ತದೆ.

ಅಮೆರಿಕದ ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ 1903ರಲ್ಲಿ ಇಬ್ಬಗೆಯ ಪ್ರಜ್ಞೆ ಎಂಬ ಮಾತನ್ನು ಚಲಾವಣೆಗೆ ತಂದರು: ತನ್ನನ್ನು ತಾನು ಸದಾ ಇನ್ನೊಬ್ಬರ ಕಣ್ಣಿನಿಂದ ನೋಡಿಕೊಳ್ಳುವ ಸ್ಥಿತಿ. ಕಪ್ಪು ಅಮೆರಿಕನ್ನರ ಬಗ್ಗೆ ಹೇಳಿದ ಮಾತು ಅದು, ಎಲ್ಲರಿಗೂ ಅಂಟಿಸಬೇಡಿ. ಹದಿಹರೆಯದ ಮಿಶ್ರ ಮನೆತನದವರಿಗೆ ಹೆಚ್ಚು ಒದಗುವುದು ಮನೋವಿಜ್ಞಾನಿ ಮರಿಯಾ ರೂಟ್ 1993ರಲ್ಲಿ ಬರೆದ ಹಕ್ಕುಗಳ ಪಟ್ಟಿ. ಬೇರೆ ಬೇರೆ ಸನ್ನಿವೇಶದಲ್ಲಿ ತನ್ನನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳುವ ಹಕ್ಕು ಅದರಲ್ಲೊಂದು. ಇದನ್ನು ಓದಿದ ಮೇಲೆ, ಶಾಲೆಯಲ್ಲಿ ಒಂದು ಉತ್ತರ, ಅಜ್ಜಿಗೆ ಒಂದು ಉತ್ತರ ಕೊಡುವ ನಿಮ್ಮ ಹುಡುಗನನ್ನು ಸುಳ್ಳುಗಾರನಂತೆ ಚಿತ್ರಿಸುವುದನ್ನು ನೀವು ಬಿಡುತ್ತೀರಿ. ಅರ್ಧ ಇದು, ಅರ್ಧ ಅದು ಎಂಬ ಗಣಿತವನ್ನೂ ಬಿಡಿ.

ತಾಯ್ನೆಲದ ಪ್ರಯಾಣ ಈ ಬಗೆಯ ಕಾದಂಬರಿಗಳ ಅಚ್ಚುಮೆಚ್ಚಿನ ತಿರುವು. ಹುಡುಗ ತಂದೆಯ ಊರಿಗೆ ಹೋಗುತ್ತಾನೆ, ಅಜ್ಜಿಯ ಮಡಿಲಲ್ಲಿ ತಲೆಯಿಡುತ್ತಾನೆ, ಬೇರು ಸಿಕ್ಕಿತು, ಖಿನ್ನತೆ ಇಳಿಯಿತು. ಹೋಗಬಾರದೆಂದಲ್ಲ, ಹೋಗಲಿ. ಆದರೆ ಮಾತ್ರೆಗಳ ಜೊತೆ ಹೋಗಲಿ. ಎಷ್ಟು ದಿನದ್ದು ಕಟ್ಟಿಕೊಂಡ? ಚೀಟಿ ಯಾವ ಭಾಷೆಯಲ್ಲಿದೆ? ಅಜ್ಜಿಯ ಮನೆಯಲ್ಲಿ ಎಲ್ಲರೆದುರು ನುಂಗುತ್ತಾನೋ, ಬಚ್ಚಲಿಗೆ ಹೋಗುತ್ತಾನೋ? ಊರು ಅವನಿಗೆ ಹಿಡಿಸಬಹುದು, ಅಜ್ಜಿ ಅವನನ್ನು ನಗಿಸಬಹುದು, ಮತ್ತು ಅದೇ ವಾರ ಅವನಿಗೆ ಹಾಸಿಗೆಯಿಂದ ಏಳಲಾಗದೆಯೂ ಹೋಗಬಹುದು. ಸಂತೋಷದ ಸ್ಥಳದಲ್ಲಿ ಬಂದ ಕೆಟ್ಟ ದಿನವೇ ಕಾದಂಬರಿಯ ಅತ್ಯಂತ ಪ್ರಾಮಾಣಿಕ ಅಧ್ಯಾಯವಾದೀತು. ಅಂದಹಾಗೆ, ಅಜ್ಜಿ ಜ್ಞಾನಿಯೇ ಆಗಿರಬೇಕಿಲ್ಲ. ಅವಳಿಗೂ ಚಾಡಿ, ಹಟ, ಮೆಚ್ಚಿನ ಧಾರಾವಾಹಿ ಇರಲಿ.

ಹಂತ 5: ಮೂರು ಭಾಷೆಯನ್ನು ಒಂದೇ ಕನ್ನಡದಲ್ಲಿ ಕೇಳಿಸಿ

ನಾರ್ವೇಜಿಯನ್, ಕುಮಾಸಿಯ ಅಜ್ಜಿಯ ಭಾಷೆಯಾದ ಟ್ವಿ, ಅವನ ಮನಸ್ಸಿನೊಳಗಿನ ಮಾತು ಎಲ್ಲವನ್ನೂ ನೀವು ಕನ್ನಡದಲ್ಲೇ ಬರೆಯುತ್ತೀರಿ. ಓದುಗನಿಗೆ ಯಾವುದು ಯಾವ ಭಾಷೆ ಎಂದು ತಿಳಿಯುವುದು ಹೇಗೆ? "ಎಂದು ಟ್ವಿಯಲ್ಲಿ ಹೇಳಿದ" ಎಂದು ಪ್ರತಿ ಸಾಲಿಗೂ ಬಾಲ ಕಟ್ಟಿದರೆ ಎರಡನೆಯ ಪುಟಕ್ಕೆ ಬೇಸರ ಬರುತ್ತದೆ. ಕನ್ನಡದ ಕೈಯಲ್ಲಿ ಒಳ್ಳೆಯ ಉಪಕರಣಗಳಿವೆ. ನೀನು, ನೀವು ಎಂಬ ಭೇದ ಒಂದು. ಇಂದಿನ ನಾರ್ವೇಜಿಯನ್ನಿನಲ್ಲಿ ಮೇಷ್ಟ್ರನ್ನೂ ಏಕವಚನದಲ್ಲೇ ಮಾತನಾಡಿಸುವುದು ವಾಡಿಕೆ, ಆದ್ದರಿಂದ ಶಾಲೆಯ ಸಂಭಾಷಣೆಯಲ್ಲಿ "ನೀನು" ಬಳಸಿ. ಓದುಗ ಮೊದಲು ಬೆಚ್ಚುತ್ತಾನೆ, ಆಮೇಲೆ ಆ ಲೋಕದ ಗಾಳಿಯೇ ಬೇರೆ ಎಂದು ಅವನಿಗೆ ಹೊಳೆಯುತ್ತದೆ. ಅಜ್ಜಿಯೊಡನೆ ಮಾತನಾಡುವಾಗ ಬಹುವಚನ ಬರಲಿ.

ಹುಡುಗನಿಗೆ ಅಜ್ಜಿಯ ಭಾಷೆ ಸರಿಯಾಗಿ ಬರುವುದಿಲ್ಲ ಎಂದು ತೋರಿಸಲು ವ್ಯಾಕರಣ ಮುರಿದು ನಗೆಪಾಟಲು ಮಾಡಬೇಡಿ. ವಾಕ್ಯಗಳನ್ನು ಚಿಕ್ಕದಾಗಿಸಿ, ಪದಗಳನ್ನು ಕಡಿಮೆ ಮಾಡಿ. ನಾರ್ವೇಜಿಯನ್ನಿನಲ್ಲಿ ವ್ಯಂಗ್ಯವಾಡುವ ಹುಡುಗ ಟ್ವಿಯಲ್ಲಿ ಆರು ವರ್ಷದ ಮಗುವಿನಂತೆ ಸರಳನಾಗುತ್ತಾನೆ: "ಚೆನ್ನಾಗಿದ್ದೇನೆ. ತಿಂದೆ. ನಿದ್ರೆ ಕಡಿಮೆ." ಖಿನ್ನತೆಯಿಂದ ಮಾತು ಕುಂದಿದ್ದೋ, ಭಾಷೆ ಬರದೆ ಕುಂದಿದ್ದೋ ಎಂದು ಅಜ್ಜಿಗೆ ತಿಳಿಯುವುದಿಲ್ಲ. ಎರಡು ಎಳೆಗಳು ಮುಟ್ಟುವ ಜಾಗ ಎಂದರೆ ಇದು.

ಅಜ್ಜಿಯ ಬಾಯಿಗೆ ಕನ್ನಡದ ಯಾವುದೋ ಪ್ರಾದೇಶಿಕ ಆಡುಮಾತನ್ನು ತುರುಕಬೇಡಿ. ಕುಮಾಸಿಯ ಅಜ್ಜಿ ತಟ್ಟನೆ ನಮ್ಮ ಯಾವುದೋ ಜಿಲ್ಲೆಯವಳಾಗಿಬಿಡುತ್ತಾಳೆ. ಪರಭಾಷೆಯ ಪದಗಳನ್ನು ಹಾಗೆಯೇ ಇಡುವುದಾದರೆ ಕೆಲವೇ ಕೆಲವು ಇಡಿ, ಓರೆ ಅಕ್ಷರ ಬೇಡ, ಕೊನೆಯಲ್ಲಿ ಪದಕೋಶವೂ ಬೇಡ. ಪದ ಮೂರು ಸಲ ಬಂದರೆ ಸನ್ನಿವೇಶವೇ ಅರ್ಥ ಹೇಳುತ್ತದೆ.

ಹಂತ 6: ಚಿಕಿತ್ಸೆಯ ಕಾಲಮಾನ ತಪ್ಪಿಸಬೇಡಿ

ಖಿನ್ನತೆಗೆ ಹೆಚ್ಚಾಗಿ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು, ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವಂಥವು, ಫಲ ತೋರಲು ಕೆಲವು ವಾರ ಹಿಡಿಯುತ್ತದೆ. ಸೋಮವಾರ ನುಂಗಿ ಬುಧವಾರ ನಗುವ ನಾಯಕ ಬೇಡ. ಆರಂಭದಲ್ಲಿ ಹೊಟ್ಟೆ ತೊಳಸುವುದು, ನಿದ್ರೆ ಏರುಪೇರಾಗುವುದು ಉಂಟು. ಮೊದಲ ಮಾತ್ರೆ ಒಗ್ಗದೆ ಬೇರೆಯದಕ್ಕೆ ಬದಲಾಯಿಸುವುದೂ ಉಂಟು. ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಕೆಲವರಿಗೆ ಈ ಮಾತ್ರೆಗಳ ಆರಂಭದ ದಿನಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಕೆ ಮುದ್ರಿಸಲು ಆದೇಶಿಸಿತು. ಆದ್ದರಿಂದ ವೈದ್ಯರು ಆ ವಾರಗಳಲ್ಲಿ ಹತ್ತಿರದಿಂದ ಗಮನಿಸುತ್ತಾರೆ. ನಿಮ್ಮ ಕಾದಂಬರಿಯ ವೈದ್ಯರೂ ಹಾಗೆ ಮಾಡಲಿ.

ಮಾತ್ರೆಗಳನ್ನು ಬೆಟ್ಟದ ತುದಿಯಿಂದ ಎಸೆದು "ಈಗ ನಾನು ನಾನಾದೆ" ಎನ್ನುವ ದೃಶ್ಯವನ್ನು ದಯವಿಟ್ಟು ಬರೆಯಬೇಡಿ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಳವಳ, ಕಾಯಿಲೆ ಮರುಕಳಿಸುವುದು ಎಲ್ಲವೂ ಸಾಧ್ಯ, ಮತ್ತು ನಿಮ್ಮ ಓದುಗನ ಡ್ರಾಯರಿನಲ್ಲಿ ಅದೇ ಡಬ್ಬಿ ಇರಬಹುದು.

ಮಾತಿನ ಚಿಕಿತ್ಸೆಯಲ್ಲಿ ಸಿಬಿಟಿ ಎಂಬುದು ಹೆಚ್ಚು ಬಳಕೆಯದು: ಯೋಚನೆ, ಭಾವನೆ, ನಡವಳಿಕೆ ಒಂದನ್ನೊಂದು ಹೇಗೆ ಎಳೆಯುತ್ತವೆ ಎಂದು ನೋಡಿ, ಯೋಚನೆಯನ್ನು ಪ್ರಶ್ನಿಸಲು ಕಲಿಸುವ ವಿಧಾನ. ಅದರಲ್ಲಿ ಮನೆಗೆಲಸ ಕೊಡುತ್ತಾರೆ. ಹೆನ್ರಿಕ್ ಆ ಹಾಳೆಯನ್ನು ಬಸ್ಸಿನಲ್ಲಿ ಅರ್ಜೆಂಟಾಗಿ ತುಂಬುವುದು ನನಗಂತೂ ಇಷ್ಟವಾಗುವ ದೃಶ್ಯ.

ಕಥೆ ನಡೆಯುವ ದೇಶದ ಕಾನೂನನ್ನು ನೋಡಿಕೊಳ್ಳಿ. ನಾರ್ವೆಯಲ್ಲಿ ಹದಿನಾರು ತುಂಬಿದವರು ತಮ್ಮ ಆರೋಗ್ಯದ ವಿಷಯದಲ್ಲಿ ಸಾಮಾನ್ಯವಾಗಿ ತಾವೇ ನಿರ್ಧರಿಸಬಹುದು. ಹದಿನೈದರ ಹೆನ್ರಿಕ್‌ನ ಕಥೆಗೂ ಹದಿನಾರರ ಹೆನ್ರಿಕ್‌ನ ಕಥೆಗೂ ಇಲ್ಲಿಯೇ ದಾರಿ ಕವಲೊಡೆಯುತ್ತದೆ: ತಂದೆಗೆ ತಿಳಿಸದೆ ವೈದ್ಯರ ಬಳಿ ಹೋಗುವುದು ಎರಡನೆಯವನಿಗೆ ಸಾಧ್ಯ.

ಹಂತ 7: ಸಾವಿನ ಯೋಚನೆ ಬರುವ ಪುಟಗಳು

ಇದನ್ನು ಬಿಟ್ಟು ಬರೆಯಬೇಕೆಂದೇನೂ ಇಲ್ಲ, ಆದರೆ ಕಟ್ಟುನಿಟ್ಟು ಬೇಕು. ಜರ್ಮನ್ ಲೇಖಕ ಗಯಟೆ 1774ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವ ನಾಯಕ ವೆರ್ಥರ್‌ನನ್ನು ಓದಿದ ಯುವಕರು ಅವನನ್ನೇ ಅನುಸರಿಸಿದರೆಂಬ ಭಯದಿಂದ ಆ ಪುಸ್ತಕವನ್ನು ಕೆಲವೆಡೆ ನಿಷೇಧಿಸಿದ್ದರು. ಎರಡು ಶತಮಾನಗಳ ನಂತರ, 1974ರಲ್ಲಿ, ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ ಆತ್ಮಹತ್ಯೆಯ ಸುದ್ದಿಯಿಂದ ಆಗುವ ಅನುಕರಣೆಗೆ ವೆರ್ಥರ್ ಪರಿಣಾಮ ಎಂಬ ಹೆಸರಿಟ್ಟರು. ಇದಕ್ಕೆ ಎದುರಾದದ್ದು ಪಾಪಗೇನೊ ಪರಿಣಾಮ, 2010ರಲ್ಲಿ ಸಂಶೋಧಕರು ಕೊಟ್ಟ ಹೆಸರು: ಕುಸಿದವನೊಬ್ಬ ದಾಟಿ ಬಂದ ಕಥೆ ಓದುಗನನ್ನು ಕಾಪಾಡಬಲ್ಲದು. ಪಾಪಗೇನೊ 1791ರ ಮೊಟ್ಸಾರ್ಟ್ ಸಂಗೀತನಾಟಕದ ಪಾತ್ರ. ಸಾಯಲು ಹೊರಟವನಿಗೆ ಮೂವರು ಹುಡುಗರು ಬಂದು, ನಿನ್ನ ಬಳಿ ಗಂಟೆಗಳಿವೆಯಲ್ಲ, ಬಾರಿಸು ಎಂದು ನೆನಪಿಸುತ್ತಾರೆ. ನೆನಪಿಸಿದವರು ಹುಡುಗರು ಎಂಬುದು ನನಗೆ ಹಿತವೆನಿಸುತ್ತದೆ.

ಬರೆಯುವಾಗ ವಿಧಾನ, ಸ್ಥಳ, ಪ್ರಮಾಣ ಯಾವುದನ್ನೂ ಹೇಳಬೇಡಿ. ಕೊನೆಯ ಪತ್ರ ಬೇಡ. ಸತ್ತ ಮೇಲೆ ಎಲ್ಲರೂ ಪಶ್ಚಾತ್ತಾಪ ಪಡುವ ದೃಶ್ಯ ಬೇಡ, ಸೇಡು ತೀರಿಸಿಕೊಂಡಂತೆ ಕಾಣುವ ಯಾವುದೂ ಬೇಡ. "ಆ ಒಂದು ಮಾತಿನಿಂದ" ಎಂದು ಒಂದೇ ಕಾರಣ ಕೊಡಬೇಡಿ. ಪ್ರಯತ್ನ "ವಿಫಲವಾಯಿತು" ಎನ್ನುವುದೂ ಸರಿಯಲ್ಲ, ಬದುಕುಳಿದದ್ದು ಸೋಲಲ್ಲ. ಕಾಯಿಲೆ ಹುಡುಗನ ಕಿವಿಯಲ್ಲಿ "ನೀನಿಲ್ಲದಿದ್ದರೆ ಯಾರಿಗೂ ನಷ್ಟವಿಲ್ಲ" ಎನ್ನುವಾಗ ಅವನು ಅದನ್ನು ನಂಬಲಿ, ಆದರೆ ಪುಟ ಅದನ್ನು ನಂಬಬಾರದು. ಅದೇ ಪುಟದಲ್ಲಿ ತಂಗಿ ಅವನ ಚಾರ್ಜರ್ ಕೇಳಲು ಬಾಗಿಲು ಬಡಿಯುತ್ತಿರಲಿ. ಮತ್ತು ಯಾರಾದರೂ ಒಬ್ಬರು ಅವನನ್ನು ನೇರವಾಗಿ ಕೇಳಲಿ: "ಸಾಯುವ ಯೋಚನೆ ಬರುತ್ತಿದೆಯಾ?" ಕೇಳಿದರೆ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಹಂತ 8: ಕೊನೆ

ಚಿಕ್ಕದಾಗಿ ಮುಗಿಸಿ. ಗುಣವಾದ ಎನ್ನಬೇಡಿ. ಮೊದಲ ಅಧ್ಯಾಯದಲ್ಲಿ ಮುಚ್ಚಿದ ಗೇಮನ್ನು ಈಗ ಹತ್ತು ನಿಮಿಷ ಆಡಿದರೆ ಸಾಕು. ಹೆಸರು ಕೇಳಿದವರಿಗೆ ಎರಡರಲ್ಲಿ ಯಾವುದನ್ನು ಹೇಳಬೇಕೆಂದು ಇನ್ನೂ ತೀರ್ಮಾನಿಸದೆ ಇರಲಿ.

ಹಂತ 9: ಅಚ್ಚಿಗೆ ಮೊದಲು ಓದಿಸಿ

ಕನಿಷ್ಠ ಮೂವರು ಬೇಕು: ಖಿನ್ನತೆಯನ್ನು ಅನುಭವಿಸಿದವರೊಬ್ಬರು, ನೀವು ಬರೆದ ಮನೆತನಗಳ ಮಿಶ್ರಣದಲ್ಲಿ ಬೆಳೆದವರೊಬ್ಬರು, ಮತ್ತು ಹದಿಹರೆಯದ ಓದುಗನೊಬ್ಬ, ಅವನ ಮನೆಯವರಿಗೆ ತಿಳಿಸಿ. ಮೊದಲ ಇಬ್ಬರಂಥವರನ್ನು ಪ್ರಕಾಶನದಲ್ಲಿ ಸೆನ್ಸಿಟಿವಿಟಿ ರೀಡರ್ ಎನ್ನುತ್ತಾರೆ, ಅನುಭವದ ಕಣ್ಣಿನಿಂದ ತಪ್ಪು ಹುಡುಕುವ ಓದುಗರು. ಅವರಿಗೆ ಹಣ ಕೊಡಿ. "ಹೇಗಿದೆ?" ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ನಗು ಬರಬಾರದಿದ್ದರೂ ಎಲ್ಲಿ ಬಂತು, ಯಾವ ಪುಟದಲ್ಲಿ ಓದುವುದನ್ನು ನಿಲ್ಲಿಸಿ ಎದ್ದು ಹೋಗಬೇಕೆನಿಸಿತು, ಯಾವ ಮಾತನ್ನು ನಿಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ ಎಂದು ಕೇಳಿ. ಹುಡುಗನಿಗೆ ಇನ್ನೂ ಒಂದು ಪ್ರಶ್ನೆ: ಎಲ್ಲಿ ಪುಟ ಹಾರಿಸಿದೆ? ಅವನು ತೋರಿಸುವ ಪುಟಗಳಲ್ಲಿ ಸಾಮಾನ್ಯವಾಗಿ ನಿಮ್ಮ ಅತಿ ಇಷ್ಟದ ಸಾಲುಗಳಿರುತ್ತವೆ.

ಪುಸ್ತಕದ ಆರಂಭದಲ್ಲಿ ಒಳಗೆ ಏನಿದೆ ಎಂಬ ಎರಡು ಸಾಲಿನ ಸೂಚನೆ, ಕೊನೆಯಲ್ಲಿ ಓದುಗನ ದೇಶದ ಸಹಾಯವಾಣಿಯ ಸಂಖ್ಯೆ ಇರಲಿ. ಆ ಸಂಖ್ಯೆಗೆ ಅಚ್ಚಿಗೆ ಕಳಿಸುವ ವಾರ ನೀವೇ ಕರೆ ಮಾಡಿ, ಯಾರಾದರೂ ಎತ್ತುತ್ತಾರೆಯೇ, ಯಾವ ಯಾವ ಭಾಷೆಯಲ್ಲಿ ಮಾತನಾಡುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಮರುಮುದ್ರಣ ಬಂದಾಗ ಮತ್ತೊಮ್ಮೆ ಕರೆ ಮಾಡಿ.